ಬುತ್ತಿ ಗಂಟಿನಿಂದ ಫ್ಯಾಮಿಲಿ ರೂಮಿಗೆ: ಮೈಸೂರು ಪ್ರವಾಸದ ಹಿಂದಣ ಕಥೆ

ಗಂಡ ಹೆಂಡತಿ ಇಬ್ಬರೇ ರಜೆಯಲ್ಲಿ ಊರು ಬಿಟ್ಟು ಹೊರಟು, ನಾಲ್ಕು ಜಾಗ ನೋಡಿ, ಅಲ್ಲಿಯ ತಿಂಡಿ ತಿಂದು, ಏನಾದರೂ ಕೊಂಡು ಮನೆಗೆ ಮರಳುವ ರೂಢಿ ಹಳೆಯ ಮೈಸೂರು ಸೀಮೆಯಲ್ಲಿ ತೀರಾ ಹಳೆಯದಲ್ಲ. ಅದಕ್ಕೆ ಮೊದಲು ದಂಪತಿಗಳು ಹೊಸಿಲು ದಾಟುತ್ತಿರಲಿಲ್ಲ ಎಂದೇನಲ್ಲ. ಮದುವೆಯಾದ ಹೊಸದರಲ್ಲಿ ಮನೆದೇವರ ದರ್ಶನವಾಗಬೇಕಿತ್ತು. ಮಗುವಾದ ಮೇಲೆ ಮುಡಿ ಕೊಡಬೇಕಿತ್ತು. ಹರಕೆ, ಜಾತ್ರೆ, ನಂಟರ ಮನೆಯ ಮದುವೆ, ಗ್ರಹಣಕ್ಕೆ ಕಾವೇರಿ ಸ್ನಾನ ಎಂದು ಹೊರಡುವ ಕಾರಣಗಳು ಬೇಕಾದಷ್ಟಿದ್ದವು. ಆದರೆ ಆ ಗಾಡಿಯಲ್ಲಿ ಅತ್ತೆ, ಮಾವ, ನಾದಿನಿ, ಮೈದುನರೂ ಇರುತ್ತಿದ್ದರು. ಹೊಸ ಜೋಡಿಯ ಓಡಾಟ ಹೆಚ್ಚಾಗಿ ಗಂಡನ ಮನೆಗೂ ತವರಿಗೂ ನಡುವೆ ಮುಗಿಯುತ್ತಿತ್ತು. ಆಷಾಢದಲ್ಲಂತೂ ಸೊಸೆ ತವರಿನಲ್ಲೇ ಇರಬೇಕು. 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಹೊರಬಂದಾಗಲೂ ಕನ್ನಡ ದಾಂಪತ್ಯ ಕಾವ್ಯದ ಪ್ರಯಾಣವೆಂದರೆ ಮುಖ್ಯವಾಗಿ ಇದೇ. ‘ನೋಡುವುದಕ್ಕೆ’ ಎಂದಷ್ಟೇ ಹೊರಡುವುದು ಬೇರೆಯ ಸಂಗತಿ. ಅದು ಬೆಳೆದು ಬಂದ ದಾರಿಯನ್ನು ಮೈಸೂರು ನಗರದ ಉದಾಹರಣೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

ಹಿಂದಿನ ಪ್ರಯಾಣಿಕರಿಗೆ ತಂಗಲು ಛತ್ರಗಳಿದ್ದವು. ಮುಸಾಫಿರಖಾನೆಗಳೂ ಇದ್ದವು, ಸರ್ಕಾರಿ ಸಾಹೇಬರಿಗೆ ಟ್ರಾವೆಲರ್ಸ್ ಬಂಗಲೆ, ಜನರ ಬಾಯಲ್ಲಿ ಟಿ.ಬಿ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರ, ಬೆಂಗಳೂರಿನ ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ ಇಂದಿಗೂ ಊರಿನ ಗುರುತುಗಳು. ಛತ್ರದಲ್ಲಿ ಸೂರು, ನೀರು ಸಿಗುತ್ತಿತ್ತು. ಅಡುಗೆಯ ವಿಷಯದಲ್ಲಿ ಹೆಚ್ಚಿನವರು ತಮ್ಮನ್ನೇ ನಂಬಿದ್ದರು. ಹೊರಡುವ ಹಿಂದಿನ ರಾತ್ರಿಯೇ ಹುಳಿಯನ್ನದ ಗೊಜ್ಜು ಕುದಿಯುತ್ತಿತ್ತು. ಮೊದಲ ದಿನಕ್ಕೆ ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ, ಮರುದಿನಕ್ಕೆ ಪುಳಿಯೋಗರೆ, ಅದರಾಚೆಗೆ ಕೆಡದ ಚಕ್ಕುಲಿ, ಕೋಡುಬಳೆ, ಹುರಿಹಿಟ್ಟು, ಅವಲಕ್ಕಿ. ಬಟ್ಟೆಯಲ್ಲಿ ಸುತ್ತಿದ ಬುತ್ತಿ ಗಂಟು ಒಂದು ಕೈಯಲ್ಲಿ, ನೀರಿನ ಕೂಜ ಇನ್ನೊಂದು ಕೈಯಲ್ಲಿ. ಇದರಲ್ಲಿ ಮಿತವ್ಯಯ ಇತ್ತು. ಅದಕ್ಕಿಂತ ಹೆಚ್ಚಾಗಿ ಜಾತಿಯ ಲೆಕ್ಕವಿತ್ತು. ಯಾರು ಬೇಯಿಸಿದ್ದು, ಯಾರು ಮುಟ್ಟಿದ್ದು, ಯಾರ ಪಂಕ್ತಿ ಎಂಬುದು ತಿಳಿಯದೆ ಬಾಯಿಗೆ ತುತ್ತಿಡುವಂತಿರಲಿಲ್ಲ. ಮೈಸೂರಿನ ಕಥೆಯಲ್ಲಿ ವಿಚಿತ್ರವೆಂದರೆ ನೋಟ ಮೊದಲು ತೆರೆದುಕೊಂಡಿತು, ತಟ್ಟೆ ಬಹಳ ಹಿಂದುಳಿಯಿತು.

ಬೆಂಗಳೂರು–ಮೈಸೂರು ರೈಲು ಬಂದದ್ದು 1882ರಲ್ಲಿ. 1876–78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಕೊಡಲು ಕೈಗೆತ್ತಿಕೊಂಡ ಕಾಮಗಾರಿಗಳಲ್ಲಿ ಈ ಮೀಟರ್ ಗೇಜ್ ಹಳಿಯೂ ಒಂದು. ಮುಂದೆ ರಜೆಯ ಮೋಜಿಗೆ ಜನರನ್ನು ಹೊತ್ತೊಯ್ದ ದಾರಿಯ ಮಣ್ಣು ಹೊತ್ತವರು ಬರಗಾಲದ ಕೂಲಿಗಳು ಎಂಬುದನ್ನು ಪ್ರವಾಸದ ಕೈಪಿಡಿಗಳು ಹೇಳುವುದಿಲ್ಲ. ಸುಮಾರು 138 ಕಿಲೋಮೀಟರ್ ದಾರಿ. ಎತ್ತಿನ ಗಾಡಿಯಲ್ಲಿ ದಿನಗಳನ್ನು ನುಂಗುತ್ತಿದ್ದದ್ದು ಕೆಲವೇ ಗಂಟೆಗಳ ಮಾತಾಯಿತು. ಆದರೆ ರೈಲಿನಲ್ಲೂ ಗಂಡ ಹೆಂಡತಿ ಪಕ್ಕ ಪಕ್ಕ ಕೂತೇ ಹೋಗುತ್ತಿದ್ದರೆಂದು ಭಾವಿಸಬೇಕಿಲ್ಲ. 1890ರ ರೈಲ್ವೆ ಕಾಯಿದೆ ಪ್ರತಿ ಪ್ಯಾಸೆಂಜರ್ ಗಾಡಿಯ ಕೆಳದರ್ಜೆಯಲ್ಲಿ ಹೆಂಗಸರಿಗೆಂದೇ ಒಂದು ಕಂಪಾರ್ಟ್‌ಮೆಂಟು ಮೀಸಲಿಡಬೇಕೆಂದಿತು. ಗಾಡಿ 50 ಮೈಲಿಗಿಂತ ದೂರ ಓಡುವುದಾದರೆ ಅದಕ್ಕೆ ಪಾಯಿಖಾನೆಯೂ ಇರಬೇಕು. ಮರ್ಯಾದಸ್ಥ ಮನೆಯ ಹೆಂಗಸು ಅಲ್ಲಿ ಕೂತರೆ, ಗಂಡ ನಿಲ್ದಾಣ ಬಂದಾಗಲೆಲ್ಲ ಇಳಿದು ಬಂದು ಕಿಟಕಿಯ ಹೊರಗಿನಿಂದ ವಿಚಾರಿಸಿಕೊಳ್ಳುತ್ತಿದ್ದ. ಪ್ಲಾಟ್‌ಫಾರಮ್ಮಿನ ನೀರಿಗೂ ಆಗ ಹಿಂದೂ, ಮುಸಲ್ಮಾನ್ ಎಂಬ ಬೇರೆ ಬೇರೆ ಹೆಸರು.

ರೈಲು ಬಂದದ್ದಕ್ಕೆ ಅರ್ಥ ಬಂದದ್ದು ಊರಿನಲ್ಲಿ ನೋಡುವುದೇನೋ ಇದ್ದದ್ದರಿಂದ. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆ ತೆಗೆದುಕೊಂಡ ಮೇಲೆ ಕಚೇರಿಗಳು ಬೆಂಗಳೂರಿಗೆ ಹೋದವು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗಲೂ ಅವು ಹಿಂದಿರುಗಲಿಲ್ಲ. ಮೈಸೂರಿಗೆ ಉಳಿದದ್ದು ಅರಮನೆ ಮತ್ತು ಅದರ ವೈಭವ. ಆಡಳಿತದ ಗದ್ದಲ ಇಲ್ಲದ ರಾಜಧಾನಿ ನಿಧಾನವಾಗಿ ತೋರಿಸಿಕೊಳ್ಳುವ ಊರಾಯಿತು. ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ರಾಜ ಒಡೆಯರು ಆರಂಭಿಸಿದ ದಸರಾ 1799ರ ನಂತರ ಮೈಸೂರಿಗೆ ಬಂದಿತ್ತು. ಹತ್ತನೆಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ಪ್ರಾಣಿಸಂಗ್ರಹಾಲಯ ಸ್ಥಾಪಿಸಿದರು. 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ಅದೇ ಜಾಗದಲ್ಲಿ ಕಲ್ಲು, ಕಬ್ಬಿಣ, ಬಣ್ಣದ ಗಾಜುಗಳ ಹೊಸ ಅರಮನೆ ಕಟ್ಟಿಸಿ 1912ರಲ್ಲಿ ಮುಗಿಸಿದ; ಖರ್ಚು 41 ಲಕ್ಷ ರೂಪಾಯಿ ದಾಟಿತ್ತು. ನಡುವೆ 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಸರಾ ಕೈಗಾರಿಕಾ ಮತ್ತು ಕೃಷಿ ವಸ್ತುಪ್ರದರ್ಶನ ಶುರುವಾಯಿತು. ರೈತ ಹೊಸ ನೇಗಿಲು ನೋಡಲಿ, ನೇಕಾರ ಹೊಸ ಮಗ್ಗ ನೋಡಲಿ ಎಂಬುದು ಅದರ ಉದ್ದೇಶ. ಜನ ನೇಗಿಲನ್ನೂ ನೋಡಿದರು, ಜೊತೆಗೆ ಬಳೆ, ಆಟದ ಸಾಮಾನು, ತಿಂಡಿಯ ಅಂಗಡಿಗಳನ್ನೂ ನೋಡಿದರು. ಶಾಲೆ, ಕಚೇರಿಗಳಿಗೆ ದಸರಾ ರಜೆ ಇದ್ದದ್ದರಿಂದ ಗುಮಾಸ್ತ, ಮೇಷ್ಟ್ರುಗಳ ಮನೆಯವರೂ ಹೊರಟರು.

ಈ ಹೊಸ ಜಾಗಗಳ ಸ್ವಭಾವವೇ ಬೇರೆ. ಮೃಗಾಲಯದ ಹುಲಿಯ ಮುಂದೆ ಮಡಿ ಉಡಬೇಕಿರಲಿಲ್ಲ, ಗೋತ್ರ ಹೇಳಬೇಕಿರಲಿಲ್ಲ. ಟಿಕೆಟ್ಟು ಕೊಂಡವರೆಲ್ಲ ಒಂದೇ ಸಾಲು. ದೇವಸ್ಥಾನಗಳು ಹಾಗಿರಲಿಲ್ಲ, ರಾಜ್ಯದಲ್ಲಿ ಅವುಗಳ ಬಾಗಿಲು ದಲಿತರಿಗೆ ಕಾನೂನಿನ ಪ್ರಕಾರ ತೆರೆದದ್ದು 1948ರ ದೇವಾಲಯ ಪ್ರವೇಶ ಕಾಯಿದೆಯಿಂದ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, 1659ರ ಏಕಶಿಲಾ ನಂದಿ ಎಲ್ಲರ ಕಣ್ಣಿಗೂ ಸಿಗುತ್ತಿದ್ದವು, ಗರ್ಭಗುಡಿಯ ಮುಂದಿನ ಜಾಗ ಮಾತ್ರ ಸಿಗುತ್ತಿರಲಿಲ್ಲ. ಸೋಮನಾಥಪುರದ ಕೇಶವ ದೇವಾಲಯದ್ದು ಇನ್ನೊಂದು ಬಗೆ. ವಿಗ್ರಹಗಳು ಭಗ್ನವಾದ್ದರಿಂದ ಅಲ್ಲಿ ಪೂಜೆ ನಿಂತಿತ್ತು. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಅದರ ಮೇಲೆ ಚಿತ್ರಸಹಿತ ಪುಸ್ತಕ ಪ್ರಕಟಿಸಿದರು. 13ನೆಯ ಶತಮಾನದ ಗುಡಿಯೊಂದಕ್ಕೆ ಹಣ್ಣು ಕಾಯಿ ಇಲ್ಲದೆ, ಕೆತ್ತನೆ ನೋಡುವುದಕ್ಕಾಗಿಯೇ ಜನ ಹೋಗುವುದು ಆಗ ಕಲಿಯಬೇಕಾದ ವಿದ್ಯೆಯೇ ಆಗಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಜೋಡಿಗಳ ಜಾಗವಾದದ್ದು ಒಂದು ಅಣೆಕಟ್ಟಿನ ಬುಡ. ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಲಾಗಿ 1911ರಲ್ಲಿ ಶುರುವಾದ ಕಟ್ಟೆ ನೀರಾವರಿಗೂ ಕೋಲಾರದ ಚಿನ್ನದ ಗಣಿಗಳಿಗೆ ಬೇಕಿದ್ದ ವಿದ್ಯುತ್ತಿನ ಭದ್ರತೆಗೂ ಕಟ್ಟಿದ್ದು. ಶಿವನಸಮುದ್ರದಿಂದ 1902ರಲ್ಲೇ ಗಣಿಗಳಿಗೆ ವಿದ್ಯುತ್ ಹರಿದಿತ್ತು. ಬೇಸಿಗೆಯಲ್ಲಿ ನದಿ ಸೊರಗಿದರೆ ಯಂತ್ರ ನಿಲ್ಲುತ್ತಿತ್ತು. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ ಶುರುವಾಗಿ, ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಎದ್ದ ಸುಮಾರು 8,600 ಅಡಿ ಉದ್ದದ ಕಟ್ಟೆಯ ಕೆಳಗೆ ಉಳಿದದ್ದು ಕಲ್ಲುಮಣ್ಣಿನ ಬಯಲು. 1926ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅವರಿಗೆ ಊರನ್ನು ಅಂದಗೊಳಿಸುವ ಹುಚ್ಚಿತ್ತು. ಕಾಶ್ಮೀರದ ಶಾಲಿಮಾರ್ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಅದರ ನಡುವೆ ಕಾಲುವೆ, ಕಾರಂಜಿ. ತೋಟಗಾರಿಕೆ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಅವರದ್ದು. 1932ರ ಹೊತ್ತಿಗೆ ಬೃಂದಾವನ ಸಿದ್ಧವಾಯಿತು. ಕಾರಂಜಿ ಚಿಮ್ಮಲು ಅಣೆಕಟ್ಟಿನ ನೀರಿನ ಒತ್ತಡವಿತ್ತು, ದೀಪಗಳಿಗೆ ಶಿವನಸಮುದ್ರದ ವಿದ್ಯುತ್ತಿತ್ತು. ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ ಹೊತ್ತಿಸುತ್ತಿದ್ದವರು ಕೆಂಪು, ಹಸಿರು ನೀರು ಎದ್ದು ಬೀಳುವುದನ್ನು ನೋಡಿದ್ದು ಅಲ್ಲಿ. ಕತ್ತಲಾದ ಮೇಲೆ ನೋಡಬೇಕಾದ ಜಾಗ ಎಂಬುದೇ ಆಗಿನ ಸಂಸಾರಸ್ಥರಿಗೆ ಹೊಸದು. ಹೊತ್ತು ಮುಳುಗಿದ ಮೇಲೆ ಹೆಂಡತಿಯ ಜೊತೆ ಹೊರಗೆ ಅಡ್ಡಾಡುವುದಕ್ಕೆ ಜಾತ್ರೆ, ನಾಟಕ ಬಿಟ್ಟರೆ ಬೇರೆ ನೆಪ ಎಲ್ಲಿತ್ತು?

ಊಟದ ಕಡೆಗೆ ಬಂದರೆ ಚಿತ್ರ ಬೇರೆ. ಮೊದಲ ಬಿರುಕು ಕಾಣಿಸಿದ್ದು ರೈಲಿನಲ್ಲೇ. ಮದ್ದೂರು ನಿಲ್ದಾಣದಲ್ಲಿ ಕುಂದಾಪುರ ಕಡೆಯ ರಾಮಚಂದ್ರ ಬುಧ್ಯ ತಿಂಡಿ ಮಾರುತ್ತಿದ್ದರು. 1917ರ ಒಂದು ದಿನ ಗಾಡಿ ಬೇಗ ಬಂದುಬಿಟ್ಟಿತಂತೆ. ಉಂಡೆ ಕಟ್ಟಿ ಕರಿಯುವಷ್ಟು ಹೊತ್ತಿಲ್ಲದೆ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಮದ್ದೂರು ವಡೆಯ ಹುಟ್ಟಿನ ಈ ಕಥೆ ಎಲ್ಲರ ಬಾಯಲ್ಲಿದೆ. ಕಥೆ ಹಾಗಿರಲಿ, ಅದರ ತಯಾರಿಕೆ ಮಾತ್ರ ರೈಲು ಪ್ರಯಾಣಕ್ಕೆ ಹೇಳಿಮಾಡಿಸಿದ್ದು. ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾ ಬೆರೆಸಿ, ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ, ಬಿಸಿ ಎಣ್ಣೆ ಬಿಟ್ಟು, ನೀರು ಕಡಿಮೆ ಮಾಡಿ ಗಟ್ಟಿಯಾಗಿ ಕಲಸುತ್ತಾರೆ. ಉದ್ದು ನೆನೆಸುವ, ರುಬ್ಬುವ ಗೋಜಿಲ್ಲ. ಅಂಗೈಯಗಲ ತಟ್ಟಿದ್ದು ಅಂಚಿನಲ್ಲಿ ಗರಿಗರಿ, ನಡುವೆ ಸ್ವಲ್ಪ ಮೆತ್ತಗೆ. ಚಟ್ನಿ ಇಲ್ಲದೆಯೂ ನಡೆಯುತ್ತದೆ, ಆರಿದರೂ ರುಚಿ ಹೋಗುವುದಿಲ್ಲ, ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಕೈಗೆ ಕೊಡಬಹುದು. ನೀರಿನಲ್ಲಿ ಬೆಂದದ್ದಕ್ಕಿರುವಷ್ಟು ಮೈಲಿಗೆ ಎಣ್ಣೆಯಲ್ಲಿ ಕರಿದದ್ದಕ್ಕಿಲ್ಲ ಎಂಬ ಹಳೆಯ ನಂಬಿಕೆಯೂ ವಡೆಯ ನೆರವಿಗೆ ಬಂದಿರಬೇಕು. ಅನ್ನ ಸಾರಿಗೆ ಮೂಗು ಮುರಿಯುತ್ತಿದ್ದವರು ವಡೆಗೆ ಕೈ ಚಾಚಿದರು.

ಊರೊಳಗೆ ಅದೇ ಕಾಲಕ್ಕೆ ಕಾಫಿ ಕ್ಲಬ್ಬುಗಳು ಎದ್ದವು. ಅವುಗಳಲ್ಲಿ ಎಷ್ಟೋ ಹೆಸರಿನಲ್ಲೇ ಜಾತಿ ಹೊತ್ತಿದ್ದವು. ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಬೆಂಗಳೂರಿನ ಹೋಟೆಲು 1924ರಲ್ಲಿ ಶುರುವಾದದ್ದು ಬ್ರಾಹ್ಮಣರ ಕಾಫಿ ಕ್ಲಬ್ಬಾಗಿ. ಅಡುಗೆಯವನು ಬ್ರಾಹ್ಮಣ ಎಂಬ ಭರವಸೆ ಕೆಲವರಿಗೆ ಸಾಕಾಗುತ್ತಿತ್ತು. ಇನ್ನು ಕೆಲವರಿಗೆ ಪಕ್ಕದಲ್ಲಿ ಕೂತು ತಿನ್ನುವವನೂ ಬ್ರಾಹ್ಮಣನೇ ಆಗಬೇಕಿತ್ತು, ಅಂಥವರಿಗೆ ಒಳಗೆ ಬೇರೆ ಕೋಣೆ. ಮಾಂಸದೂಟಕ್ಕೆ ಮಿಲಿಟರಿ ಹೋಟೆಲುಗಳಿದ್ದವು. ಇವೆಲ್ಲ ಗಂಡಸರ ಲೋಕ. ಉದ್ಯೋಗಕ್ಕೆ ಊರು ಬಿಟ್ಟು ಬಂದವರು, ವಿದ್ಯಾರ್ಥಿಗಳು, ಕೋರ್ಟಿಗೆ ಬಂದ ಕಕ್ಷಿಗಾರರು ಅಲ್ಲಿಯ ಗಿರಾಕಿಗಳು. ಹೆಂಡತಿಯನ್ನು ಹೋಟೆಲಿಗೆ ಕರೆದುಕೊಂಡು ಹೋದ ಎನ್ನುವುದು ಊರಿನ ಜಗಲಿಗಳಲ್ಲಿ ಒಂದು ವಾರದ ಸುದ್ದಿ. ಹೀಗಾಗಿ ಅರಮನೆ ನೋಡಿ ಬೃಂದಾವನಕ್ಕೆ ಹೊರಡುವ ಜೋಡಿ ಮಧ್ಯಾಹ್ನದ ಊಟಕ್ಕೆ ಮೈಸೂರಿನಲ್ಲಿದ್ದ ನಂಟರ ಮನೆಗೇ ಹೋಗುತ್ತಿತ್ತು. ನಂಟರಿಲ್ಲದಿದ್ದರೆ ಮರದ ನೆರಳು, ಬುತ್ತಿ.

ಈ ಕಗ್ಗಂಟನ್ನು ಬಿಡಿಸಿದ್ದು ಫ್ಯಾಮಿಲಿ ರೂಮು. ಹೋಟೆಲಿನ ಹಿಂಬದಿಯಲ್ಲೋ ಮಹಡಿಯಲ್ಲೋ ಮರದ ಹಲಗೆಯ ತಡಿಕೆ, ಬಾಗಿಲಿಗೆ ಅರ್ಧ ಪರದೆ, ಒಳಗೆ ಒಂದು ಮೇಜು, ಎದುರುಬದುರು ಬೆಂಚು, ಗೋಡೆಯಲ್ಲೊಂದು ಕರೆಗಂಟೆಯ ಗುಂಡಿ. ಹೊರಗೆ ‘ಫ್ಯಾಮಿಲಿ’ ಎಂಬ ಬೋರ್ಡು. ಮಾಣಿ ಪರದೆಯ ಹೊರಗೆ ಕೆಮ್ಮಿ ಒಳಗೆ ಬರುತ್ತಿದ್ದ. ಹೆಂಗಸರು ಪರರ ಮುಂದೆ ಉಣ್ಣಬಾರದೆಂಬ ರೂಢಿಯನ್ನು ಮುರಿಯದೆಯೇ ಅವರನ್ನು ಹೋಟೆಲಿಗೆ ಕರೆತಂದ ಉಪಾಯ ಇದು. ಇದರ ಗುಣವನ್ನು ಹೆಚ್ಚು ಹೊಗಳಬೇಕಾದ್ದಿಲ್ಲ: ಸೆಕೆ, ಕತ್ತಲೆ, ಅಡುಗೆಮನೆಯ ಹೊಗೆ ಅಲ್ಲಿಯೇ. ಆದರೂ ಮನೆಯಲ್ಲಿ ಗಂಡನಿಗೆ ಬಡಿಸಿದ ಮೇಲೆ ಉಣ್ಣುತ್ತಿದ್ದವಳು ಅವನ ಎದುರು ಕೂತು, ಅವನ ಜೊತೆಗೇ, ಇನ್ನೊಬ್ಬರು ಬಡಿಸಿದ್ದನ್ನು ತಿಂದದ್ದು ಆ ಪರದೆಯ ಹಿಂದೆ. ಜಾತಿಯ ತಡಿಕೆ ಬೀಳಲು ಕಾನೂನೇ ಬರಬೇಕಾಯಿತು. ಸಂವಿಧಾನ 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೋಟೆಲಿಗೆ ಪ್ರವೇಶ ನಿರಾಕರಿಸುವುದನ್ನು ಶಿಕ್ಷಾರ್ಹವಾಗಿಸಿತು. ಜಾತಿಯ ಹೆಸರು ಹೊತ್ತ ಬೋರ್ಡುಗಳು ಇಳಿದವು. ಹಳ್ಳಿಯ ಚಹಾದಂಗಡಿಗಳಲ್ಲಿ ಬೇರೆ ಲೋಟ ಮಾತ್ರ ಬಹುಕಾಲ ಉಳಿಯಿತು.

ಸ್ವಾತಂತ್ರ್ಯದ ನಂತರ ಪ್ರವಾಸಕ್ಕೆ ಸರ್ಕಾರಿ ನೌಕರಿಯ ಬಲ ಬಂತು. ಕೇಂದ್ರ ಸರ್ಕಾರ 1956ರಲ್ಲಿ ರಜಾ ಪ್ರಯಾಣ ರಿಯಾಯಿತಿ ಜಾರಿಗೆ ತಂದಿತು. ಎಲ್.ಟಿ.ಸಿ. ಎಂದರೆ ಮೊದಲಿಗೆ ಸ್ವಂತ ಊರಿಗೆ ಹೋಗಿಬರುವ ಖರ್ಚು. 1970ರ ದಶಕದಲ್ಲಿ ಅದು ದೇಶದ ಯಾವ ಊರಿಗಾದರೂ ಸಿಗುವಂತಾಯಿತು. ಉತ್ತರದ ನೌಕರರ ಸಂಸಾರಗಳು ಮೈಸೂರಿಗೆ ಬಂದವು, ಇಲ್ಲಿಯವರು ಆಗ್ರಾಕ್ಕೆ ಹೋದರು. ಸಿನಿಮಾದ ಪಾಲೂ ದೊಡ್ಡದು. 1950ರ ದಶಕದಿಂದ ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು, ಹತ್ತಿರದಲ್ಲೇ ಬೃಂದಾವನ. ಕನ್ನಡ, ತಮಿಳು, ತೆಲುಗು, ಹಿಂದಿ ಚಿತ್ರಗಳ ನಾಯಕ ನಾಯಕಿಯರು ಅದೇ ಕಾರಂಜಿಗಳ ನಡುವೆ ಓಡಾಡಿ ಹಾಡಿದರು. ಹೊಸದಾಗಿ ಮದುವೆಯಾದವರು ಅಲ್ಲಿಗೆ ಹೋಗಿ ಅದೇ ಭಂಗಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಕ್ಯಾಮೆರಾ ಹೊತ್ತು ಗಿರಾಕಿ ಹುಡುಕುತ್ತಿದ್ದವರು ವಿಳಾಸ ಬರೆದುಕೊಂಡು ಫೋಟೋವನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಮನೆದೇವರ ದರ್ಶನದ ಜೊತೆಗೆ ಮೈಸೂರು–ಊಟಿ ಎಂಬ ಎರಡನೆಯ ಯಾತ್ರೆ ಹೀಗೆ ಮದುವೆಯ ಖರ್ಚಿನ ಪಟ್ಟಿಗೆ ಸೇರಿಕೊಂಡಿತು. ಊಟಿಯನ್ನು 1819ರಿಂದಾಚೆ ಬೆಳೆಸಿದವರು ಜಾನ್ ಸಲಿವನ್ ಮತ್ತು ಅವರ ನಂತರದ ಬ್ರಿಟಿಷರು, ಅದು ಇರುವುದು ತಮಿಳುನಾಡಿನಲ್ಲಿ. ಆದರೂ ಬಂಡೀಪುರ ಕಾಡಿನ ದಾರಿಯಲ್ಲಿ ಸುಮಾರು 125 ಕಿಲೋಮೀಟರ್ ದೂರದ ಆ ಚಳಿಯೂರು ಕನ್ನಡ ನವದಂಪತಿಗಳಿಗೆ ಮೈಸೂರಿನ ಬಾಲವೇ ಆಗಿಹೋಯಿತು.

ಇಷ್ಟೆಲ್ಲವನ್ನೂ ಒಂದೇ ದಿನದ ಪಟ್ಟಿಗೆ ಇಳಿಸಿದ್ದು ಪ್ಯಾಕೇಜ್ ಬಸ್ಸು. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಬಸ್ಸುಗಳೂ ಖಾಸಗಿಯವರ ಬಸ್ಸುಗಳೂ ಬೆಂಗಳೂರಿನಿಂದ ಬೆಳಗಾಗುವ ಮೊದಲೇ ಹೊರಟು, ಶ್ರೀರಂಗಪಟ್ಟಣದ ಕೋಟೆ, ಗುಂಬಜ್, ದರಿಯಾ ದೌಲತ್, ಆಮೇಲೆ ಅರಮನೆ, ಮೃಗಾಲಯ, ಬೆಟ್ಟ, ಸಂತ ಫಿಲೋಮಿನಾ ಚರ್ಚು, ಕೊನೆಗೆ ಕತ್ತಲಾಗುವಾಗ ಕನ್ನಂಬಾಡಿಯ ಬೃಂದಾವನ ತೋರಿಸಿ ನಡುರಾತ್ರಿಗೆ ಮರಳಿ ಬಿಡುತ್ತಿದ್ದವು. ಗೈಡು ಹೇಳಿದಷ್ಟೇ ಇತಿಹಾಸ, ಬಸ್ಸು ನಿಂತಲ್ಲೇ ಊಟ. ಊಟದ ಹೋಟೆಲು, ರೇಷ್ಮೆ ಸೀರೆಯ ಅಂಗಡಿ ಎರಡೂ ಮೊದಲೇ ಗೊತ್ತಾಗಿರುತ್ತಿದ್ದವು. ಜಾಗಗಳ ಸಂಖ್ಯೆ ಹೆಚ್ಚಿದಂತೆ ಊರಿನ ನಿಜವಾದ ಅಡುಗೆ ಪ್ರವಾಸಿಯಿಂದ ದೂರವಾಯಿತೆಂದೇ ಹೇಳಬೇಕು. ದಕ್ಷಿಣದ ಊಟ, ಉತ್ತರದ ಊಟ ಎಂಬ ಎರಡೇ ಬಗೆಯಲ್ಲಿ ಎಲ್ಲ ಮುಗಿಯುತ್ತಿತ್ತು. ರಾಗಿ ಮುದ್ದೆ, ಉಪ್ಸಾರು, ಬಸ್ಸಾರು ತಟ್ಟೆಗೆ ಬರುತ್ತಲೇ ಇರಲಿಲ್ಲ. ಅವು ಮನೆಯ ಅಡುಗೆ, ಬಂದವರಿಗೆ ತೋರಿಸುವಂಥದ್ದಲ್ಲ ಎಂಬ ಸಂಕೋಚ ಊರಿನವರಲ್ಲೂ ಇತ್ತು.

ಊರಿನ ತಿಂಡಿಗಳು ಅಷ್ಟರಲ್ಲಿ ತಮ್ಮ ಪಾಡಿಗೆ ತಾವು ಬೆಳೆದಿದ್ದವು. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ನಾಲ್ವಡಿಯವರ ಕಾಲದಲ್ಲಿ ಕಡಲೆ ಹಿಟ್ಟು, ತುಪ್ಪ, ಸಕ್ಕರೆಯಿಂದ ಮಾಡಿದ್ದೇ ಮೈಸೂರು ಪಾಕ್ ಎಂಬುದು ಪ್ರತೀತಿ; ಅವರ ವಂಶದವರ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆಗೆ ಅಂಟಿಕೊಂಡೇ ಇದೆ. ನಜರ್‌ಬಾದಿನ ಮೈಲಾರಿ ದೋಸೆ 1930ರ ದಶಕದ್ದು. ಕೈಯಲ್ಲಿ ಹಿಡಿದರೆ ಬಾಗುವಷ್ಟು ಮೃದು, ಮೇಲೆ ಬೆಣ್ಣೆಯ ಉಂಡೆ, ಒಳಗೆ ತರಕಾರಿ ಸಾಗು. ಗರಿಗರಿಯಾದ ಕೆಂಪು ಮಸಾಲೆದೋಸೆಗೆ ಒಗ್ಗಿದ ಬೆಂಗಳೂರಿಗರಿಗೆ ಇದು ದೋಸೆಯೇ ಅಲ್ಲ ಎನಿಸುವುದುಂಟು. ಅದೇ ದಶಕದಲ್ಲಿ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವ್ ಹೆಸರಾಯಿತು. ಇವೆಲ್ಲ ಕಟ್ಟಿಕೊಂಡದ್ದು ಊರಿನ ಗಿರಾಕಿಯನ್ನು. ಹಾದು ಹೋಗುವ ಜೋಡಿಗಳು ಅಲ್ಲಿ ಸಾಲು ನಿಲ್ಲತೊಡಗಿದ್ದು ಬಹಳ ಮಟ್ಟಿಗೆ ಟಿ.ವಿ., ಮೊಬೈಲುಗಳಲ್ಲಿ ಊರೂರಿನ ತಿಂಡಿಯ ಮಾತು ಹಬ್ಬಿದ ಮೇಲೆ.

ಕೊಂಡೊಯ್ಯುವ ಸಾಮಾನುಗಳನ್ನು ಒದಗಿಸಿದ್ದು ಹೆಚ್ಚಾಗಿ ಸಂಸ್ಥಾನದ ಕೈಗಾರಿಕೆ. ರೇಷ್ಮೆ ನೇಯ್ಗೆ ಕಾರ್ಖಾನೆ 1912ರದ್ದು. ಗಂಧದೆಣ್ಣೆಯ ಕಾರ್ಖಾನೆ 1917ರದ್ದು. ಮೊದಲ ಮಹಾಯುದ್ಧದಲ್ಲಿ ಗಂಧದ ತುಂಡು ಯುರೋಪಿಗೆ ಸಾಗದೆ ಗೋದಾಮಿನಲ್ಲಿ ಬಿದ್ದಾಗ, ಎಣ್ಣೆಯನ್ನು ಇಲ್ಲೇ ತೆಗೆಯುವ ಯೋಚನೆ ಬಂತು, ಅದರ ಬೆನ್ನಿಗೆ ಸೋಪು ಬಂತು. ಇದರ ಜೊತೆಗೆ ಅಗರಬತ್ತಿ, ಮಲ್ಲಿಗೆ ಮೊಳ, ವೀಳ್ಯದೆಲೆ, ನಂಜನಗೂಡು ರಸಬಾಳೆ, ದಾರಿಯಲ್ಲಿ ಚನ್ನಪಟ್ಟಣದ ಅರಗಿನ ಬೊಂಬೆ.

ದರ್ಶನದ ಸ್ವರೂಪವೂ ಬದಲಾಗುತ್ತ ಬಂತು. 1971ರಲ್ಲಿ ರಾಜಧನ ರದ್ದಾದ ಮೇಲೆ 750 ಕಿಲೋ ತೂಕದ ಅಂಬಾರಿಯಲ್ಲಿ ಮಹಾರಾಜರ ಬದಲು ಚಾಮುಂಡೇಶ್ವರಿಯ ಮೂರ್ತಿ ಕೂತಿತು, ಜಂಬೂಸವಾರಿ ಸರ್ಕಾರದ ನಾಡಹಬ್ಬವಾಯಿತು. ವೈಸರಾಯ್ ತಂಗಲೆಂದು 1921ರಲ್ಲಿ ಕಟ್ಟಿಸಿದ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ದುಡ್ಡಿದ್ದವರು ಅಲ್ಲಿ ಊಟ ಮಾಡಬಹುದಾಯಿತು. ಭಾನುವಾರ, ಸರ್ಕಾರಿ ರಜಾದಿನಗಳ ಸಂಜೆ ಅರಮನೆಯ ಮೇಲೆ ಲಕ್ಷಕ್ಕೆ ಹತ್ತಿರದ ಸಂಖ್ಯೆಯ ಬಲ್ಬುಗಳು ಹೊತ್ತುವುದನ್ನು ಯಾರು ಬೇಕಾದರೂ ನೋಡಬಹುದು. ಊಟದ ಕಡೆ, ಫ್ಯಾಮಿಲಿ ರೂಮುಗಳನ್ನು ಯಾರೂ ಮುಚ್ಚಿಸಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಎಲ್ಲೆಡೆ ಹರಡಿದ ದರ್ಶಿನಿಗಳಲ್ಲಿ ಗಂಡಸರು, ಹೆಂಗಸರು ಒಂದೇ ಕಟ್ಟೆಯ ಮುಂದೆ ನಿಂತು ಇಡ್ಲಿ ತಿನ್ನಲು ಶುರುಮಾಡಿದ ಮೇಲೆ, ಪರದೆಯ ಕೋಣೆಗೆ ಕೇಳುವವರಿಲ್ಲದಾದರು. ಆ ಜಾಗಕ್ಕೆ ಎ.ಸಿ. ಹಾಲ್ ಬಂತು.

2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಕಾರಿನಲ್ಲಿ ಹೊರಟವರು ಎರಡು ಗಂಟೆಯೊಳಗೆ ಮೈಸೂರು ಸೇರುತ್ತಾರೆ, ತಿಂಡಿಗೆ ಹೋಗಿ ಸಂಜೆಗೆ ಮರಳುವವರೂ ಇದ್ದಾರೆ. ಹಳೆಯ ರಸ್ತೆಯಲ್ಲಿದ್ದ ವಡೆಯ ಹೋಟೆಲುಗಳಿಗೂ ಬೊಂಬೆಯಂಗಡಿಗಳಿಗೂ ವ್ಯಾಪಾರದ ಹೊಡೆತ ಬಿದ್ದಿದೆ. ಮೈಸೂರಿನೊಳಗೆ, ದಸರೆಯ ದಿನಗಳಲ್ಲಿ ನಡೆಯುವ ಆಹಾರ ಮೇಳದಲ್ಲಿ, ಮುದ್ದೆ ಉಪ್ಸಾರಿನ ಮಳಿಗೆಗೂ ಕರಾವಳಿಯ ಮೀನಿನ ಮಳಿಗೆಗೂ ಉತ್ತರ ಕರ್ನಾಟಕದ ಜೋಳದ ರೊಟ್ಟಿಗೂ ಜನ ಮುಗಿಬೀಳುತ್ತಾರೆ. ಕೆಲವು ವರ್ಷಗಳಿಂದ ಅಲ್ಲಿ ಉದ್ದನೆಯ ಸಾಲು ಕಾಣುವುದು ಆದಿವಾಸಿಗಳ ಮಳಿಗೆಯ ಮುಂದೆ: ಹಸಿ ಬಿದಿರಿನ ಅಂಡೆಯೊಳಗೆ ಅಕ್ಕಿ, ಕೋಳಿ ಮಾಂಸ, ಮಸಾಲೆ ತುಂಬಿ, ಬಾಯಿಗೆ ಎಲೆ ತುರುಕಿ, ಕೆಂಡದ ಮೇಲೆ ಬೇಯಿಸಿದ ಬಂಬೂ ಬಿರಿಯಾನಿಗೆ ಜನ ಚೀಟಿ ಹಿಡಿದು ಕಾಯುತ್ತಾರೆ.